ಬೀಗದ ಕೈ ಯಾರ ಬಳಿ?

ಬಿನ್ನಿಪೇಟೆಗೆ ಹೆಸರು ಬಂದದ್ದು ಒಂದು ಮಿಲ್ಲಿನಿಂದ. 1884ರಲ್ಲಿ ಆರಂಭವಾದ ‘ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್’ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿ, ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು. ಅದರ ಸುತ್ತ ಪೇಟೆ ಬೆಳೆಯಿತು. ಪಕ್ಕದ ಮಾಗಡಿ ರಸ್ತೆಯ ಕಡೆ ಮಿನರ್ವ ಮಿಲ್ ಬಂತು. ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ಕುಟುಂಬಗಳು ಪಾಳಿಯ ಲೆಕ್ಕದಲ್ಲಿ ಏಳುತ್ತಾ ಮಲಗುತ್ತಾ ಒಂದೇ ಬೀದಿಯಲ್ಲಿ ಬದುಕಿದವು. ಇಂದು ಮಿಲ್ಲುಗಳಿಲ್ಲ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳೂ ಮಾಲೂ ಎದ್ದಿವೆ. ಮಿಲ್ಲಿನ ಕೂಲಿಯಲ್ಲಿ ಸಂಸಾರ ನಡೆಸಿದ ತಲೆಮಾರು ಮಾತ್ರ ಮುದಿಯಾಗಿದೆ.

ಹಳೆಯ ಬೆಂಗಳೂರಿನ ಈ ಭಾಗದಲ್ಲಿ ಮುದುಕರ ಯೋಗಕ್ಷೇಮಕ್ಕೆ ಒಂದು ಬರೆಯದ ಕಾನೂನು ಇತ್ತು. ಅದರ ಹೆಸರು ವಠಾರ. ಸಾಲು ಮನೆಗಳು, ನಡುವೆ ಒಂದು ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ. ಅತ್ತೆಗೆ ಹೊತ್ತಿಗೆ ಸರಿಯಾಗಿ ಊಟ ಬೀಳದಿದ್ದರೆ ಪಕ್ಕದ ಮನೆಯವರಿಗೆ ಗೊತ್ತಾಗುತ್ತಿತ್ತು. ಮಾವ ಎರಡು ದಿನ ಜಗಲಿಗೆ ಬಾರದಿದ್ದರೆ ಯಾರಾದರೂ ಬಾಗಿಲು ತಟ್ಟುತ್ತಿದ್ದರು. ವಠಾರದಲ್ಲಿ ಮುದುಕರೆಲ್ಲ ಸುಖವಾಗಿದ್ದರು ಎಂದಲ್ಲ. ಅಲ್ಲೂ ಬೈಗುಳವಿತ್ತು, ಹಂಗಿನ ತುತ್ತಿತ್ತು. ಆದರೆ ನಡೆದದ್ದು ನಾಲ್ಕು ಜನರ ಕಣ್ಣಿಗೆ ಬೀಳುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಅನ್ಯಾಯಕ್ಕೆ ಸಾಕ್ಷಿ ಇರುತ್ತಿತ್ತು.

ವಠಾರಗಳು ಒಂದೊಂದಾಗಿ ಕೆಡವಲ್ಪಟ್ಟ ಕಾಲದಲ್ಲೇ ‘ವೃದ್ಧಾಶ್ರಮ’ ಎಂಬ ಮಾತು ನಗರದ ದಿನಬಳಕೆಗೆ ಬಂತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು 10.38 ಕೋಟಿ. ಅಂದರೆ ನೂರಕ್ಕೆ 8.6 ಮಂದಿ. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 9.5ರಷ್ಟಿತ್ತು. ಮಕ್ಕಳು ಹೊರದೇಶದಲ್ಲಿರುವ ಮನೆ, ಗಂಡಹೆಂಡಿರಿಬ್ಬರೂ ದುಡಿಯಲು ಹೋಗುವ ಮನೆ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆ, ಮಕ್ಕಳೇ ಇಲ್ಲದ ಮನೆ ಹೀಗೆ ಆಶ್ರಮದ ಬಾಗಿಲಿಗೆ ಬರುವ ದಾರಿಗಳು ಹಲವು.

ಆದರೆ ನಮ್ಮಲ್ಲಿ ವೃದ್ಧಾಶ್ರಮದ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ ನಿಂತುಬಿಡುತ್ತದೆ: ಹೆತ್ತವರನ್ನು ಅಲ್ಲಿಗೆ ಕಳುಹಿಸುವುದು ಸರಿಯೇ? ಭಾಷಣಗಳಲ್ಲಿ, ಸಿನಿಮಾಗಳಲ್ಲಿ ಮಕ್ಕಳನ್ನು ಹಳಿಯುವುದರೊಂದಿಗೆ ವಿಷಯ ಮುಗಿಯುತ್ತದೆ. ಗೇಟು ಮುಚ್ಚಿದ ಮೇಲೆ ಏನು? ಒಳಗೆ ಹೋದವರು ಅಲ್ಲಿ ಐದು, ಹತ್ತು, ಹದಿನೈದು ವರ್ಷ ಹೇಗೆ ಬಾಳುತ್ತಾರೆ? ಆ ಬಾಳು ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವ ಮಾನದಂಡ ಯಾವುದು? ಈ ಪ್ರಶ್ನೆಗಳನ್ನು ಕೇಳುವವರು ಕಡಿಮೆ.

ಛತ್ರದ ಧರ್ಮ, ಮನೆಯ ಧರ್ಮ

ನಿರ್ಗತಿಕರಿಗೆ ಅನ್ನ, ದಾರಿಹೋಕರಿಗೆ ನೆರಳು ಕೊಡುವ ಸಂಪ್ರದಾಯ ಈ ನಾಡಿಗೆ ಹೊಸದಲ್ಲ. ಬಿನ್ನಿಪೇಟೆಗೆ ಹೆಚ್ಚು ದೂರವಿಲ್ಲದ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ 20ನೇ ಶತಮಾನದ ಆರಂಭದಿಂದ ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಆಸರೆಯಾಯಿತು. ಛತ್ರದ ನೀತಿ ಸರಳವಾದದ್ದು. ಕೊಡುವವನು ಕೊಟ್ಟದ್ದನ್ನು ಬಂದವನು ಕೃತಜ್ಞತೆಯಿಂದ ಸ್ವೀಕರಿಸಬೇಕು. ಊಟಕ್ಕೆ ಏನಿದೆ, ದೀಪ ಎಷ್ಟು ಹೊತ್ತಿಗೆ ಆರಿಸಬೇಕು ಎಂಬುದನ್ನು ಛತ್ರದವರು ತೀರ್ಮಾನಿಸುತ್ತಾರೆ. ಎರಡು ರಾತ್ರಿ ಕಳೆದು ಹೋಗುವವನಿಗೆ ಇದರಿಂದ ತೊಂದರೆಯೇನಿಲ್ಲ.

ವೃದ್ಧರಿಗಾಗಿಯೇ ಮೀಸಲಾದ ವಸತಿ ನಮ್ಮಲ್ಲಿ ಬಹುಮಟ್ಟಿಗೆ ಕ್ರೈಸ್ತ ಸೇವಾ ಸಂಸ್ಥೆಗಳ ಮೂಲಕ ಬಂತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸಂನ್ಯಾಸಿನಿಯರ ವೃದ್ಧಾಶ್ರಮ 1900ರಲ್ಲಿ ಆರಂಭವಾಯಿತು. ಆ ಪಂಥದ ಮೂಲ ಫ್ರಾನ್ಸಿನಲ್ಲಿದೆ. 1839ರ ಚಳಿಗಾಲದಲ್ಲಿ ಜೀನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅಲ್ಲಿಂದ ಬೆಳೆದ ಪಂಥ 1882ರಲ್ಲಿ ಕಲ್ಕತ್ತೆಗೂ ನಂತರ ಬೆಂಗಳೂರಿಗೂ ಬಂತು. ತನ್ನ ಹಾಸಿಗೆ ಬಿಟ್ಟುಕೊಡುವುದು ದಾನದ ಪರಮಾವಧಿ ಎನ್ನಲಡ್ಡಿಯಿಲ್ಲ.

ಆದರೆ ದಾನ ಎಷ್ಟೇ ದೊಡ್ಡದಾದರೂ ಅದರಲ್ಲಿ ಒಂದು ತೊಡಕಿದೆ. ದಾನದಲ್ಲಿ ಪುಣ್ಯ ಕೊಡುವವನದು, ಋಣ ಪಡೆಯುವವನದು. ಋಣದಲ್ಲಿರುವವನು ದೂರು ಹೇಳುವಂತಿಲ್ಲ. ಅನ್ನ ಹಾಕಿದ ಕೈಯನ್ನು ‘ಸಾರಿಗೆ ಉಪ್ಪು ಹೆಚ್ಚು’ ಎಂದು ಆಕ್ಷೇಪಿಸುವುದು ಹೇಗೆ? ಛತ್ರದ ಅತಿಥಿಗೆ ಒಪ್ಪುವ ಈ ಮೌನ ಜೀವನದ ಉಳಿದ ದಿನಗಳನ್ನು ಅಲ್ಲೇ ಕಳೆಯಬೇಕಾದವರಿಗೆ ಒಪ್ಪುವುದಿಲ್ಲ. ಅವರಿಗೆ ಅದು ಛತ್ರವಲ್ಲ, ಮನೆ. ಮನೆಯಲ್ಲಿ ಮನುಷ್ಯ ಗೊಣಗಬಲ್ಲ, ಬೇಡವೆನ್ನಬಲ್ಲ, ಬಾಗಿಲು ಹಾಕಿಕೊಳ್ಳಬಲ್ಲ. ವೃದ್ಧರ ವಸತಿಯ ನೀತಿಶಾಸ್ತ್ರವೆಲ್ಲ ಹುಟ್ಟುವುದು ಈ ವ್ಯತ್ಯಾಸದಿಂದ.

ಬೆಂಗಳೂರಿನಲ್ಲಿ ಈಗ ರೂಢಿಯಾಗಿರುವ ಒಂದು ಪದ್ಧತಿಯನ್ನೇ ನೋಡಬಹುದು. ಮಗುವಿನ ಹುಟ್ಟುಹಬ್ಬಕ್ಕೆ ಅಥವಾ ತಂದೆಯ ತಿಥಿಗೆ ಆಶ್ರಮದಲ್ಲಿ ಒಂದು ಹೊತ್ತಿನ ಊಟದ ಖರ್ಚು ವಹಿಸಿಕೊಳ್ಳುವುದು ಒಳ್ಳೆಯ ಉದ್ದೇಶವೇ. ಆದರೆ ಸಕ್ಕರೆ ಕಾಯಿಲೆಯವರ ಎಲೆಗೆ ಒಂದೇ ವಾರದಲ್ಲಿ ಮೂರು ಸಲ ಜಿಲೇಬಿ ಬೀಳುವುದು, ಕಂಬಳಿ ಹಂಚುವಾಗ ಎಂಬತ್ತರ ಅಜ್ಜಿಯನ್ನು ಸಾಲಿನಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯುವುದು, ಗುರುತಿಲ್ಲದ ಮಗುವಿಗೆ ಚಪ್ಪಾಳೆ ತಟ್ಟಿ ಹಾಡುವಂತೆ ಹೇಳುವುದು, ಇವೆಲ್ಲ ಯಾರ ಸಂತೋಷಕ್ಕಾಗಿ? ಆ ಚಿತ್ರ ನಾಲ್ಕು ಜನರ ಕೈಗೆ ಹೋಗಲಿ ಎಂದು ಆ ಅಜ್ಜಿ ಒಪ್ಪಿದ್ದರೇ?

ಹೊರದೇಶಗಳು ಕಲಿತದ್ದು

ಈ ಪ್ರಶ್ನೆಗಳನ್ನು ಮೊದಲು ಎದುರಿಸಿದ್ದು ಮುದಿವಯಸ್ಸಿನ ಜನಸಂಖ್ಯೆ ನಮಗಿಂತ ಮುಂಚೆ ಏರಿದ ದೇಶಗಳು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ವೃದ್ಧಾಶ್ರಮಗಳನ್ನು ಸುತ್ತಿ 1962ರಲ್ಲಿ ‘ದಿ ಲಾಸ್ಟ್ ರೆಫ್ಯೂಜ್’ ಎಂಬ ಗ್ರಂಥ ಪ್ರಕಟಿಸಿದರು. ನಿರ್ಗತಿಕರನ್ನು ಕೂಡಿಹಾಕಲು ಹಿಂದೆ ಕಟ್ಟಿದ್ದ ‘ವರ್ಕ್‌ಹೌಸ್’ ಕಟ್ಟಡಗಳಲ್ಲೇ ಅನೇಕ ಆಶ್ರಮಗಳು ನಡೆಯುತ್ತಿದ್ದವು. ಅಲ್ಲಿ ಹೊಟ್ಟೆಗೆ ಅನ್ನವಿತ್ತು, ತಲೆಯ ಮೇಲೆ ಸೂರಿತ್ತು. ಇಲ್ಲದಿದ್ದದ್ದು ಏಕಾಂತ, ಕೆಲಸ, ಗೆಳೆತನ ಮತ್ತು ತನ್ನ ದಿನವನ್ನು ತಾನೇ ನಡೆಸುವ ಅವಕಾಶ.

ಅದಕ್ಕೆ ಒಂದು ವರ್ಷ ಮೊದಲು, 1961ರಲ್ಲಿ, ಅಮೆರಿಕದಲ್ಲಿ ಅರ್ವಿಂಗ್ ಗಾಫ್‌ಮನ್ ಇಂಥ ಸಂಸ್ಥೆಗಳ ಸ್ವಭಾವವನ್ನು ವಿವರಿಸಿದ್ದರು. ಸಾಮಾನ್ಯ ಮನುಷ್ಯ ಮಲಗುವುದು ಒಂದು ಕಡೆ, ದುಡಿಯುವುದು ಇನ್ನೊಂದು ಕಡೆ, ಕಾಲ ಕಳೆಯುವುದು ಮತ್ತೊಂದು ಕಡೆ. ಜೈಲು, ಹುಚ್ಚಾಸ್ಪತ್ರೆ, ಅನಾಥಾಲಯಗಳಲ್ಲಿ ಮೂರೂ ಒಂದೇ ಆವರಣದಲ್ಲಿ, ಒಂದೇ ಅಧಿಕಾರದ ಅಡಿಯಲ್ಲಿ, ಎಲ್ಲರಿಗೂ ಒಂದೇ ವೇಳಾಪಟ್ಟಿಯಲ್ಲಿ ನಡೆಯುತ್ತವೆ. ಕ್ರೂರಿಗಳು ನಡೆಸಿದರೆ ಮಾತ್ರ ಕೆಡುಕು ಎಂದಲ್ಲ. ನಲವತ್ತು ಜನರಿಗೆ ಬೆಳಗಿನ ಎಂಟರೊಳಗೆ ಸ್ನಾನ ಮುಗಿಸಬೇಕಾದ ಒಳ್ಳೆಯ ಸಿಬ್ಬಂದಿಯೂ ಕ್ರಮೇಣ ಮನುಷ್ಯರನ್ನು ಕೆಲಸದ ಕಂತುಗಳಂತೆ ಕಾಣತೊಡಗುತ್ತಾರೆ.

ಇಂಥ ಅಧ್ಯಯನಗಳ ಬಳಿಕ ಆಶ್ರಮಗಳಿಗೆ ನೀತಿಸಂಹಿತೆ ಬರೆಯುವ ಕೆಲಸ ಶುರುವಾಯಿತು. ಬ್ರಿಟನ್ನಿನಲ್ಲಿ 1984ರಲ್ಲಿ ‘ಹೋಮ್ ಲೈಫ್’ ಎಂಬ ಸಂಹಿತೆ ಬಂತು. 1989ರಲ್ಲಿ ಅಲ್ಲಿನ ಸರ್ಕಾರಿ ತಪಾಸಣಾ ವಿಭಾಗ ಆರು ಮೌಲ್ಯಗಳನ್ನು ಗುರುತಿಸಿತು: ಖಾಸಗಿತನ, ಘನತೆ, ಸ್ವಾತಂತ್ರ್ಯ, ಆಯ್ಕೆ, ಹಕ್ಕು ಮತ್ತು ಸಾರ್ಥಕತೆ. 1991ರ ಡಿಸೆಂಬರ್ 16ರಂದು ವಿಶ್ವಸಂಸ್ಥೆಯ ಮಹಾಸಭೆ ವೃದ್ಧರಿಗೆ ಸಂಬಂಧಿಸಿದ 18 ತತ್ವಗಳನ್ನು ಅಂಗೀಕರಿಸಿತು. ಆಶ್ರಮದಲ್ಲೋ ಆಸ್ಪತ್ರೆಯಲ್ಲೋ ವಾಸವಾದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಗೇಟಿನ ಹೊರಗೆ ಉಳಿಯುವುದಿಲ್ಲ, ಆರೈಕೆ ಹೇಗಿರಬೇಕೆಂದು ನಿರ್ಧರಿಸುವ ಹಕ್ಕು ಅಲ್ಲೂ ಅವರದೇ ಎಂಬುದು ಅವುಗಳಲ್ಲಿ ಒಂದರ ಸಾರ.

ಒಂದು ಗಿಡದ ಕಥೆ

‘ಆಯ್ಕೆ’ ಎಂಬುದು ಹೊಟ್ಟೆ ತುಂಬಿದವರ ಮಾತು, ಮುದಿವಯಸ್ಸಿನಲ್ಲಿ ಬೇಕಾದದ್ದು ಬಿಸಿ ಊಟ ಮತ್ತು ಔಷಧಿ ಎಂದು ವಾದಿಸುವವರಿದ್ದಾರೆ. ಇದಕ್ಕೆ ಉತ್ತರವಾಗಿ 1976ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಆಗಾಗ ಉಲ್ಲೇಖಿಸಲಾಗುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಆಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಎರಡು ಅಂತಸ್ತಿನ ನಿವಾಸಿಗಳನ್ನು ಹೋಲಿಸಿ ನೋಡಿದರು. ಒಂದು ಅಂತಸ್ತಿನವರಿಗೆ ‘ನಿಮ್ಮ ಕೋಣೆ ಹೇಗಿರಬೇಕೆಂದು ನೀವೇ ನಿರ್ಧರಿಸಿ’ ಎಂದು ತಿಳಿಸಿ, ಬೇಕಾದರೆ ಒಂದು ಗಿಡ ಆರಿಸಿಕೊಂಡು ತಾವೇ ನೀರೆರೆಯಲು ಬಿಡಲಾಯಿತು. ಸಿನಿಮಾ ಯಾವ ದಿನ ನೋಡಬೇಕೆಂಬುದನ್ನೂ ಅವರಿಗೇ ಬಿಡಲಾಯಿತು. ಇನ್ನೊಂದು ಅಂತಸ್ತಿನವರಿಗೂ ಗಿಡ ಸಿಕ್ಕಿತು, ಸಿನಿಮಾ ಸಿಕ್ಕಿತು. ಆದರೆ ಗಿಡವನ್ನು ಸಿಬ್ಬಂದಿ ಕೊಟ್ಟರು, ನೀರೂ ಅವರೇ ಹಾಕಿದರು, ದಿನವನ್ನೂ ಅವರೇ ಗೊತ್ತುಮಾಡಿದರು.

ಮೂರು ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚಟುವಟಿಕೆಯಿಂದ, ಹೆಚ್ಚು ಗೆಲುವಾಗಿ ಕಂಡರು. ಒಂದೂವರೆ ವರ್ಷದ ಬಳಿಕವೂ ಅವರ ಆರೋಗ್ಯ ಮೇಲಾಗಿತ್ತೆಂದು ವರದಿಯಾಯಿತು. ಪ್ರಯೋಗ ಚಿಕ್ಕದು. ಆ ಗುಂಪಿನಲ್ಲಿ ಸಾವು ಕಡಿಮೆಯೆಂಬ ಲೆಕ್ಕಕ್ಕೆ ನಂತರ ಸಂಖ್ಯಾಶಾಸ್ತ್ರದ ತಿದ್ದುಪಡಿಯೂ ಬೇಕಾಯಿತು. ಆದ್ದರಿಂದ ಗಿಡ ನೆಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂದು ತೀರ್ಮಾನಿಸುವಂತಿಲ್ಲ. ಎರಡೂ ಅಂತಸ್ತಿನವರಿಗೆ ಸಿಕ್ಕಿದ ಸೌಕರ್ಯ ಒಂದೇ, ಬೇರೆಯಾಗಿದ್ದದ್ದು ಅದು ಯಾರ ಕೈಯಲ್ಲಿತ್ತು ಎಂಬುದು ಮಾತ್ರ. ಅಷ್ಟೇ ವ್ಯತ್ಯಾಸ ಜನರ ಗೆಲುವನ್ನು ಬದಲಿಸಿತು ಎಂಬುದು ಇಲ್ಲಿ ಗಮನಾರ್ಹ.

ಕಾಫಿಯ ಹೊತ್ತು, ‘ನೀನು’ ಮತ್ತು ‘ನೀವು’

ಈ ಮೌಲ್ಯಗಳನ್ನು ಕನ್ನಡದ ದಿನಚರಿಗೆ ಇಳಿಸಿದರೆ ಅವು ತೀರ ಸಣ್ಣ ಸಂಗತಿಗಳಾಗಿ ಕಾಣುತ್ತವೆ. ಮಿಲ್ಲಿನ ಮೊದಲ ಪಾಳಿಗಾಗಿ ನಲವತ್ತು ವರ್ಷ ನಸುಕಿನಲ್ಲಿ ಎದ್ದವರಿಗೆ ಆ ಹೊತ್ತಿಗೇ ಎಚ್ಚರವಾಗುತ್ತದೆ. ಆಶ್ರಮದಲ್ಲಿ ಕಾಫಿ ಬರುವುದು ಏಳಕ್ಕೆ. ನಡುವಿನ ಎರಡು ಗಂಟೆ ಅವರು ಏನು ಮಾಡಬೇಕು? ರಾತ್ರಿ ಮುದ್ದೆಯಿಲ್ಲದೆ ಊಟ ಮಾಡಿ ಗೊತ್ತಿಲ್ಲದವರಿಗೆ ದಿನವೂ ಅನ್ನ ಬಡಿಸಿದರೆ ಹೊಟ್ಟೆ ತುಂಬಬಹುದು, ಊಟ ಮಾಡಿದಂತಾಗುವುದಿಲ್ಲ. ಏಕಾದಶಿಯ ಉಪವಾಸ, ರಂಜಾನಿನ ಉಪವಾಸ, ಭಾನುವಾರದ ಪ್ರಾರ್ಥನೆ, ಶುಕ್ರವಾರದ ನಮಾಜು ಇವು ಆಡಳಿತವರ್ಗದ ಅನುಗ್ರಹಗಳೋ ನಿವಾಸಿಯ ಹಕ್ಕುಗಳೋ? ಸೊಂಟ ಮುರಿದವರಿಗೆ ಕೂರುವ ಕಮೋಡು ಇದೆಯೇ? ಹೆಂಗಸರಿಗೆ ಸ್ನಾನ ಮಾಡಿಸುವವರು ಹೆಂಗಸರೇ? ಸ್ನಾನದ ಮನೆಯ ಬಾಗಿಲು ಮುಚ್ಚುತ್ತದೆಯೇ?

ಮಾತಿನಲ್ಲೂ ಒಂದು ಸೂಕ್ಷ್ಮವಿದೆ. ಕನ್ನಡದ ಮನೆಗಳಲ್ಲಿ ಮೊಮ್ಮಗ ಅಜ್ಜಿಯನ್ನು ‘ಬಾ ಅಜ್ಜಿ, ಊಟ ಮಾಡು’ ಎಂದು ಏಕವಚನದಲ್ಲಿ ಕರೆಯುವುದು ಸಲಿಗೆ. ಇಪ್ಪತ್ತರ ಹರೆಯದ ಸಿಬ್ಬಂದಿ ನಿನ್ನೆಯಷ್ಟೇ ಬಂದ ನಿವೃತ್ತ ಶಿಕ್ಷಕಿಗೆ ಅದೇ ಮಾತು ಆಡಿದರೆ ಅದು ಸಲಿಗೆಯೋ ಸದರವೋ? ಅಜ್ಜಿ ಎನ್ನಿಸಿಕೊಳ್ಳಲು ಒಪ್ಪುವವರಿದ್ದಾರೆ. ಮೇಡಂ ಎನ್ನಿಸಿಕೊಂಡೇ ಬಾಳಿದವರೂ ಇದ್ದಾರೆ. ಯಾವ ಹೆಸರಿನಿಂದ ಕರೆಯಬೇಕೆಂದು ಮೊದಲ ದಿನವೇ ಅವರನ್ನು ಕೇಳಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಮರೆವಿನ ಕಾಯಿಲೆಯ ಆರೈಕೆಯನ್ನು ಕುರಿತು 1997ರಲ್ಲಿ ಪುಸ್ತಕ ಬರೆದ ಟಾಮ್ ಕಿಟ್‌ವುಡ್, ದೊಡ್ಡವರನ್ನು ಮಕ್ಕಳಂತೆ ಕಾಣುವುದನ್ನು, ಎದುರಿಗಿದ್ದರೂ ಇಲ್ಲವೆಂಬಂತೆ ಅವರ ಬಗ್ಗೆ ಮಾತಾಡುವುದನ್ನು ಆರೈಕೆಯ ಹಾನಿಗಳ ಪಟ್ಟಿಯಲ್ಲೇ ಸೇರಿಸಿದರು. ಹಾಗೆ ಮಾಡುವವರಲ್ಲಿ ಕೆಟ್ಟ ಉದ್ದೇಶ ಇರಬೇಕಾಗಿಲ್ಲ, ಅಭ್ಯಾಸವೇ ಸಾಕು ಎಂಬುದೂ ಅವರ ಮಾತು.

ಹಣದ ವಿಷಯ ಇನ್ನೂ ನಾಜೂಕು. ಮಿಲ್ಲಿನ ಕಾರ್ಮಿಕರಿಗೆ ಭವಿಷ್ಯನಿಧಿ ಕಾಯಿದೆ ಬಂದದ್ದು 1952ರಲ್ಲಿ, ಈಗಿನ ಪಿಂಚಣಿ ಯೋಜನೆ 1995ರಲ್ಲಿ. ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಮಾಡಿದ್ದು 2014ರಲ್ಲಿ. ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ 2021ರಲ್ಲಿ 1,200 ರೂಪಾಯಿಗೆ ಏರಿತು. ಈ ಮೊತ್ತದಲ್ಲಿ ಯಾವ ಖಾಸಗಿ ಆಶ್ರಮದ ಶುಲ್ಕವೂ ಹೊರಡುವುದಿಲ್ಲ. ಆದರೂ ಎಲೆ ಅಡಿಕೆಗೆ, ಮೊಮ್ಮಗಳಿಗೆ ಒಂದು ಬಳೆಗೆ ಎಂದು ಆ ದುಡ್ಡು ಯಾರ ಕೈಯಲ್ಲಿರಬೇಕು? ಬ್ಯಾಂಕಿನ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕಚೇರಿಯ ಬೀರುವಿನಲ್ಲಿದ್ದರೆ ಅದಕ್ಕೆ ರಸೀದಿ ಇದೆಯೇ? ನಿವಾಸಿಯಿಂದ ಆಸ್ತಿಯನ್ನೋ ಉಯಿಲನ್ನೋ ಬರೆಸಿಕೊಳ್ಳುವ ಆಸೆ ಆಶ್ರಮ ನಡೆಸುವವರಿಗೆ ಇರಕೂಡದು. ಆರೈಕೆ ಮಾಡುವವನೇ ವಾರಸುದಾರನಾದರೆ ಆರೈಕೆಯ ಮೇಲೆ ಅನುಮಾನದ ನೆರಳು ಬೀಳದೆ ಇರುವುದಿಲ್ಲ.

ಕಟ್ಟಿಹಾಕುವ ಪ್ರೀತಿ

ನೀತಿಯ ಪ್ರಶ್ನೆ ನಿಜವಾಗಿ ಕಗ್ಗಂಟಾಗುವುದು ಸುರಕ್ಷತೆಗೂ ಸ್ವಾತಂತ್ರ್ಯಕ್ಕೂ ಜಗಳ ಬಂದಾಗ. ಮರೆವಿನ ಕಾಯಿಲೆಯ ಹಿರಿಯರೊಬ್ಬರು ಗೇಟು ತೆರೆದಿದ್ದರೆ ಹೊರಟುಬಿಡುತ್ತಾರೆ. ಹೊರಗೆ ವಾಹನಗಳ ಭರಾಟೆ. ಆದ್ದರಿಂದ ಗೇಟಿಗೆ ಬೀಗ. ರಾತ್ರಿ ಎದ್ದು ಬಿದ್ದಾರೆಂದು ಮಂಚಕ್ಕೆ ಸರಳು. ಮತ್ತೆ ಮತ್ತೆ ಎದ್ದರೆ ಸೀರೆಯ ತುಂಡಿನಿಂದ ಕೈಗೆ ಒಂದು ಗಂಟು. ಗಲಾಟೆ ಮಾಡಿದರೆ ನಿದ್ರೆಯ ಮಾತ್ರೆ. ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣವಿದೆ, ಆ ಕಾರಣಗಳಲ್ಲಿ ಕಾಳಜಿಯೂ ಇದೆ. ಒಟ್ಟು ಪರಿಣಾಮ ಮಾತ್ರ ಸೆರೆವಾಸ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಇದು ಮಾಮೂಲಾಗಿತ್ತು. 1987ರಲ್ಲಿ ಅಲ್ಲಿನ ಕಾಂಗ್ರೆಸ್ ಅಂಗೀಕರಿಸಿದ ಸುಧಾರಣಾ ಕಾಯಿದೆಯು ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ನಿವಾಸಿಗಳನ್ನು ಕಟ್ಟುವುದನ್ನೂ ಔಷಧಿಯಿಂದ ಮಂಪರುಗೊಳಿಸುವುದನ್ನೂ ನಿಷೇಧಿಸಿತು. ಕಟ್ಟದಿದ್ದರೆ ಬೀಳುತ್ತಾರೆ ಎಂಬ ಹೆದರಿಕೆ ಇತ್ತು. ಆದರೆ ಕಟ್ಟುವುದರಿಂದ ಬೀಳುವ ಗಾಯಗಳು ತಪ್ಪುತ್ತವೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಗಲಿಲ್ಲ. ಕಟ್ಟಿಹಾಕಿದವರ ಸ್ನಾಯುಗಳು ಸೊರಗುತ್ತವೆ, ಹಾಸಿಗೆ ಹುಣ್ಣಾಗುತ್ತದೆ, ಬಿಡಿಸಿಕೊಳ್ಳಲು ಹೆಣಗಾಡಿ ಗಾಯಗೊಳ್ಳುವುದೂ ಉಂಟು. ಭಾರತದಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನಸಿಕ ಅಸ್ವಸ್ಥರನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ.

ಹಾಗಾದರೆ ಗೇಟು ತೆರೆದೇ ಇಡಬೇಕೇ? ಹಾಗಲ್ಲ. ಕೇಳಬೇಕಾದ್ದು ಇಷ್ಟು: ಈ ಬೀಗ ಒಬ್ಬರಿಗಾಗಿಯೋ ಎಲ್ಲರಿಗಾಗಿಯೋ? ಒಬ್ಬರಿಗೆ ಮರೆವು ಎಂದು ಉಳಿದ ಮೂವತ್ತು ಮಂದಿಯೂ ಒಳಗೇ ಇರಬೇಕೇ? ಸಂಜೆ ಜೊತೆಗೊಬ್ಬರು ಬಂದು ಬೀದಿಯ ಕೊನೆಯವರೆಗೆ ನಡೆಸಿದರೆ ಆ ಚಡಪಡಿಕೆ ತಗ್ಗುವುದಿಲ್ಲವೇ? ಹೆಚ್ಚಿನ ಸಂದರ್ಭಗಳಲ್ಲಿ ಬೀಗ ಹಾಕುವುದು ಅಪಾಯ ದೊಡ್ಡದೆಂದಲ್ಲ, ಕೈಗಳು ಕಡಿಮೆ ಎಂದು. ರಾತ್ರಿ ಪಾಳಿಯಲ್ಲಿ ಇಡೀ ಅಂತಸ್ತಿಗೆ ಒಬ್ಬಳೇ ಆಯಾ, ಅವಳಿಗೆ ಕಡಿಮೆ ಸಂಬಳ, ತರಬೇತಿಯಿಲ್ಲ, ವಾರದ ರಜೆಯಿಲ್ಲ. ಇಂಥ ಕಡೆ ಗೋಡೆಯ ಮೇಲೆ ಬರೆದ ಯಾವ ನೀತಿಸಂಹಿತೆಯೂ ಕೆಲಸಕ್ಕೆ ಬಾರದು. ಆರೈಕೆ ಪಡೆಯುವವರ ಘನತೆ ಆರೈಕೆ ಮಾಡುವವರ ಘನತೆಯಿಂದ ಬೇರೆಯಲ್ಲ.

ಕೊನೆಯ ದಿನಗಳ ನಿರ್ಧಾರವೂ ಇದೇ ಜಾತಿಯದು. ಉಸಿರು ಕಟ್ಟಿದಾಗ ಆಸ್ಪತ್ರೆಯ ಯಂತ್ರಕ್ಕೆ ಒಯ್ಯಬೇಕೇ, ಇಲ್ಲೇ ನೆಮ್ಮದಿಯಾಗಿ ಇರಲು ಬಿಡಬೇಕೇ? ಇದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದರ ಜಾರಿಗೆ ಆದೇಶ ಹೊರಡಿಸಿತು. ನಿವಾಸಿಯ ಇಚ್ಛೆ ಏನೆಂದು ನೆಮ್ಮದಿಯ ದಿನಗಳಲ್ಲೇ ಕೇಳಿ ಬರೆದಿಡುವುದು ಒಳ್ಳೆಯ ಆಶ್ರಮದ ಲಕ್ಷಣ.

ಕಾನೂನು ಎಲ್ಲಿಯವರೆಗೆ?

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮುಖ್ಯ ಕಾನೂನು 2007ರ ‘ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ’. ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಈ ಕಾಯಿದೆಯ ನ್ಯಾಯಮಂಡಳಿಗಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ವರ್ಗಾವಣೆಯನ್ನು ರದ್ದುಮಾಡಬಹುದು. ಹಿರಿಯರನ್ನು ಎಲ್ಲಾದರೂ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ಆಶ್ರಮಗಳ ಬಗ್ಗೆ ಈ ಕಾಯಿದೆಯ 19ನೇ ಕಲಂ ಮಾತನಾಡುತ್ತದೆ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಆಶ್ರಮಗಳನ್ನು ರಾಜ್ಯ ಸರ್ಕಾರ ಹಂತ ಹಂತವಾಗಿ ಸ್ಥಾಪಿಸ‘ಬಹುದು’ ಎಂದಿದೆ, ‘ಬೇಕು’ ಎಂದಿಲ್ಲ. 2018ರ ಡಿಸೆಂಬರಿನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಯಲ್ಲಿ ಎಷ್ಟು ಆಶ್ರಮಗಳಿವೆ, ಅವುಗಳ ಸ್ಥಿತಿ ಏನು ಎಂಬ ಮಾಹಿತಿ ಕಲೆಹಾಕುವಂತೆ ಸೂಚಿಸಬೇಕಾಯಿತು.

ಕೇಂದ್ರ ಸರ್ಕಾರದ ಮಾದರಿ ನಿಯಮಾವಳಿ ಒಳ್ಳೆಯ ಅಂಶಗಳನ್ನೇ ಹೇಳುತ್ತದೆ. ತಲೆಗೆ 7.5 ಚದರ ಮೀಟರ್ ಮಲಗುವ ಜಾಗ, ಅಡಿಗೆಮನೆ ಊಟದ ಹಜಾರಗಳೂ ಸೇರಿ 12 ಚದರ ಮೀಟರ್, ಇಳಿಜಾರು ದಾರಿ, ಹಿಡಿಗಂಬಿ, ಅಂಗವಿಕಲರಿಗೆ ಒಪ್ಪುವ ಶೌಚಾಲಯ, ಪತ್ರಿಕೆ, ಪುಸ್ತಕ. ಪ್ರವೇಶಕ್ಕೆ ಜಾತಿ ಮತಗಳ ಭೇದ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಆಶ್ರಮದ ನಿರ್ವಹಣಾ ಸಮಿತಿಯಲ್ಲಿ ನಿವಾಸಿಗಳಿಗೂ ಪ್ರಾತಿನಿಧ್ಯ ಇರಬೇಕು. ಆದರೆ ಇದೇ ನಿಯಮಾವಳಿ ಅವರನ್ನು ಕರೆಯುವುದು ‘ಇನ್‌ಮೇಟ್’ ಎಂದು. ಜೈಲಿನಲ್ಲಿರುವವರಿಗೆ ಬಳಸುವ ಪದವೂ ಅದೇ.

ಈ ನಿಯಮಗಳು ನಿರ್ಗತಿಕರಿಗಾಗಿ ಕಾಯಿದೆಯಡಿ ನಡೆಯುವ ಆಶ್ರಮಗಳಿಗೆ ಸಂಬಂಧಿಸಿದವು. ಠೇವಣಿ ಇಟ್ಟು, ತಿಂಗಳ ಶುಲ್ಕ ಕಟ್ಟಿ ಸೇರುವ ಖಾಸಗಿ ಆಶ್ರಮಗಳು ಕಡ್ಡಾಯವಾಗಿ ನೋಂದಾಯಿಸಿಕೊಳ್ಳಬೇಕೆಂಬ ವಿಧಿ 2007ರ ಕಾಯಿದೆಯಲ್ಲಿ ಇರಲಿಲ್ಲ. ಆ ಕೊರತೆ ತುಂಬಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಎಲ್ಲ ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ ಎರಡೂ ಅದರಲ್ಲಿದ್ದವು. ಸ್ಥಾಯಿ ಸಮಿತಿ ಪರಿಶೀಲಿಸಿತು, ವರದಿ ಕೊಟ್ಟಿತು. ಮಸೂದೆ ಮಾತ್ರ ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯೊಂದಿಗೇ ಕೊನೆಗೊಂಡಿತು.

ಮಾಗಡಿ ರಸ್ತೆಯ ಪಾಠ

ಹೊರಗಿನ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಿನ್ನಿಪೇಟೆಯ ಪಕ್ಕದಿಂದ ಸಾಗುವ ಮಾಗಡಿ ರಸ್ತೆಯಲ್ಲೇ ಒಂದು ನಿದರ್ಶನವಿದೆ. ಆ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ನಿರಾಶ್ರಿತರ ಪರಿಹಾರ ಕೇಂದ್ರ ವೃದ್ಧಾಶ್ರಮವಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯಡಿ ಬೀದಿಯಿಂದ ಕರೆತಂದವರನ್ನು ಇರಿಸುವ ಸ್ಥಳ. ಆದರೆ ಅಲ್ಲಿಗೆ ಸೇರುವವರಲ್ಲಿ ಮನೆಯವರು ಕೈಬಿಟ್ಟ ಮುದುಕರೂ ಇರುತ್ತಾರೆ. ಅದರ ಖರ್ಚಿಗಾಗಿ ನಾಗರಿಕರ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರ ಉಪಕರ ವಸೂಲಾಗುತ್ತದೆ. ಬಿನ್ನಿಪೇಟೆಯ ಪ್ರತಿ ಮನೆಯ ಒಡೆಯನೂ ಇದನ್ನು ಕಟ್ಟುತ್ತಾನೆ.

2010ರ ಆಗಸ್ಟ್‌ನಲ್ಲಿ ಈ ಕೇಂದ್ರದಲ್ಲಿ ವಾಂತಿ ಭೇದಿ ಹರಡಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಪತ್ರಿಕೆಗಳು ಬರೆದವು, ಸದ್ದಾಯಿತು, ಸಚಿವರ ರಾಜೀನಾಮೆಯೂ ಆಯಿತು. ಹಿಂದಿನ ತಿಂಗಳುಗಳ ದಾಖಲೆ ತೆಗೆದು ನೋಡಿದಾಗ ಸಾವುಗಳು ಆ ವಾರ ಶುರುವಾದವಲ್ಲ, ಮೊದಲಿನಿಂದ ನಡೆಯುತ್ತಲೇ ಇದ್ದವು ಎಂದು ತಿಳಿದುಬಂತು. ಹಣದ ವ್ಯವಸ್ಥೆ ಇತ್ತು, ಕಾಯಿದೆ ಇತ್ತು, ಅಧಿಕಾರಿಗಳಿದ್ದರು. ಒಳಗಿನವರ ಮಾತು ಹೊರಗೆ ಬರುವ ದಾರಿ ಇರಲಿಲ್ಲ. ಸತ್ತವರನ್ನು ಹೆಸರು ಹಿಡಿದು ಕೇಳಿಕೊಂಡು ಬರುವವರು ಇರಲಿಲ್ಲ.

ದಾರಿಗಳು ಈಗ ಕೆಲವು ಇವೆ. ಬೆಂಗಳೂರಿನಲ್ಲಿ 2002ರಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿ ಆರಂಭಿಸಿದರು. 2021ರಲ್ಲಿ ರಾಷ್ಟ್ರಮಟ್ಟದ 14567 ಸಹಾಯವಾಣಿ ಬಂತು. ಆದರೆ ಕರೆ ಮಾಡಲು ಕೈಯಲ್ಲಿ ಫೋನ್ ಇರಬೇಕು. ಆಡಿದ್ದು ಕಚೇರಿಯವರ ಕಿವಿಗೆ ಬೀಳದಷ್ಟು ಏಕಾಂತವೂ ಇರಬೇಕು.

ಆದ್ದರಿಂದ ಆಶ್ರಮ ಹುಡುಕುವ ಮನೆಯವರು ಮೊದಲು ನೋಡಬೇಕಾದದ್ದು ಹೊಳೆಯುವ ನೆಲವನ್ನಲ್ಲ. ಹೇಳದೆ ಕೇಳದೆ ಯಾವ ಹೊತ್ತಿಗೆ ಬಂದರೂ ಒಳಗೆ ಬಿಡುತ್ತಾರೆಯೇ? ಅಲ್ಲಿರುವವರೊಡನೆ ಸಿಬ್ಬಂದಿಯ ಮುಂದಲ್ಲದೆ ಮಾತನಾಡಬಹುದೇ? ದೂರಿನ ಪುಸ್ತಕ ಇದ್ದರೆ ಅದರಲ್ಲಿ ದೂರುಗಳಿವೆಯೇ? ದೂರೇ ಇಲ್ಲದ ಪುಸ್ತಕ ನೆಮ್ಮದಿಯ ಗುರುತಲ್ಲ, ಹೆದರಿಕೆಯ ಗುರುತೂ ಆಗಬಹುದು. ಒಪ್ಪಂದದ ಪತ್ರ ನಿವಾಸಿಗೆ ಓದಲು ಬರುವ ಭಾಷೆಯಲ್ಲಿದೆಯೇ? ಬಿಟ್ಟು ಹೋಗುವುದಾದರೆ ಠೇವಣಿ ಎಷ್ಟು ದಿನಕ್ಕೆ ವಾಪಸು? ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಉಂಟೇ, ಬೀರುವಿನ ಬೀಗದ ಕೈ ಯಾರ ಬಳಿ ಇರುತ್ತದೆ? ಇವನ್ನೆಲ್ಲ ಕೇಳುವಾಗ, ಹೋಗಿ ಇರಬೇಕಾದ ಹಿರಿಯರೂ ಜೊತೆಯಲ್ಲಿರಬೇಕು. ಆಯ್ಕೆಯ ಹಕ್ಕು ಆಶ್ರಮಕ್ಕೆ ಕಾಲಿಡುವ ಮೊದಲೇ ಶುರುವಾಗುತ್ತದೆ.

ವಠಾರವನ್ನು ಮತ್ತೆ ಕಟ್ಟಲು ಯಾರಿಂದಲೂ ಆಗದು. ಅದು ತಾನಾಗಿ ಮಾಡುತ್ತಿದ್ದ ಒಂದು ಕೆಲಸವನ್ನು ಮಾತ್ರ ಈಗ ಬೇರೆಯವರು ವಹಿಸಿಕೊಳ್ಳಬೇಕಾಗಿದೆ. ಕಾನೂನು ತಪಾಸಣೆಯ ಮೂಲಕ, ಆಡಳಿತವರ್ಗ ನಿವಾಸಿಗಳ ಸಮಿತಿಯ ಮೂಲಕ, ಮಕ್ಕಳು ವಾರಕ್ಕೊಮ್ಮೆಯಾದರೂ ಹೋಗಿ ಬರುವುದರ ಮೂಲಕ, ಬೀದಿಯವರು ಆ ಗೇಟಿನೊಳಗೆ ಇರುವವರೂ ತಮ್ಮ ಬೀದಿಯವರೇ ಎಂದು ನೆನಪಿಡುವುದರ ಮೂಲಕ ಮಾಡಬೇಕಾದ ಕೆಲಸ ಅದು. ಎರಡು ದಿನ ಜಗಲಿಯಲ್ಲಿ ಕಾಣದಿದ್ದರೆ ಬಾಗಿಲು ತಟ್ಟುವ ಕೆಲಸ.